ಹಳ್ಳಿ ಶಾಲೆಗೆ ಬಂದ ಆಟದ ತರಗತಿ: ಮಂಚಿಕೇರಿ ಸೀಮೆಯಿಂದ ಒಂದು ವಿಮರ್ಶೆ

ಶಿರಸಿ–ಯಲ್ಲಾಪುರ ರಸ್ತೆಯಲ್ಲಿ ಮಂಚಿಕೇರಿಯ ಆಚೀಚೆ, ಕಾಡಿನೊಳಗೆ ಹರಡಿಕೊಂಡಿರುವ ಕೆಲವು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆ ವಾರಕ್ಕೆ ಎರಡು ಮಧ್ಯಾಹ್ನ ಆಟದ ತರಗತಿ ನಡೆಸುತ್ತಿದೆ. ಅಂಥ ಒಂದು ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ಈ ಸೇವೆಯನ್ನು ಕಳೆದ ಶೈಕ್ಷಣಿಕ ವರ್ಷವಿಡೀ ಹತ್ತಿರದಿಂದ ನೋಡಿದ್ದೇನೆ. ಬೇರೆ ಶಾಲೆಗಳ ಸಮಿತಿಯವರು, ಇಂಥ ಕೆಲಸಕ್ಕೆ ಹಣ ಕೊಡಬೇಕೆಂದಿರುವ ಊರ ಹೊರಗಿನ ನಮ್ಮವರು ಆಗಾಗ ವಿಚಾರಿಸುತ್ತಿರುವುದರಿಂದ ಕಂಡದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಗುಣವೂ ಕೊರತೆಯೂ ಇಂಥ ಹಲವು ಸಂಸ್ಥೆಗಳಿಗೆ ಅನ್ವಯಿಸುವಂಥವು. ಹಾಗಾಗಿ ಹೆಸರಿನ ಅಗತ್ಯವಿಲ್ಲ.

ಈ ಸೇವೆಯ ಬೆಲೆ ತಿಳಿಯಬೇಕಾದರೆ ಅದು ಇಲ್ಲದಿದ್ದಾಗ ನಮ್ಮ ಮಕ್ಕಳಿಗೆ ಏನಿತ್ತು ಎಂಬುದನ್ನು ಮೊದಲು ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಪ್ರತಿಯೊಂದು ಶಾಲೆಗೂ ಆಟದ ಮೈದಾನ ಇರಬೇಕು, ಆಟದ ಸಾಮಗ್ರಿ ಇರಬೇಕು. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಅದೇ ಅನುಸೂಚಿ ಹೇಳುವುದು ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ ಮಾತ್ರ. ಒಂದೊಂದು ಮಜರೆಗೆ ಐದಾರು ಮನೆಗಳಿರುವ ನಮ್ಮ ಸೀಮೆಯಲ್ಲಿ ಒಂದನೆಯಿಂದ ಏಳನೆಯ ತರಗತಿಯವರೆಗಿನ ಎಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೂ ಆ ಲೆಕ್ಕ ತುಂಬುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿವರೆಗೆ ಅನುದಾನವಿದೆ; ಅದರಲ್ಲಿ ಚೆಂಡು ಬರುತ್ತದೆ, ಹಗ್ಗ ಬರುತ್ತದೆ, ಕೇರಂ ಬೋರ್ಡೂ ಬರುತ್ತದೆ. ಆಡಿಸುವವರು ಬರುವುದಿಲ್ಲ. ಗಣಿತ, ವಿಜ್ಞಾನ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ ಎಲ್ಲವನ್ನೂ ಹೊತ್ತಿರುವ ಇಬ್ಬರು ಮೂವರು ಶಿಕ್ಷಕರು ಆಟದ ಪಿರಿಯಡ್ಡಿನಲ್ಲಿ ಚೆಂಡು ಕೊಟ್ಟು ಮಕ್ಕಳನ್ನು ಹೊರಗೆ ಬಿಡುತ್ತಾರೆ. ಆಗ ದೊಡ್ಡ ಹುಡುಗರು ನಾಲ್ಕೈದು ಮಂದಿ ಕ್ರಿಕೆಟ್ ಆಡುತ್ತಾರೆ, ಉಳಿದವರು ಪಾಗಾರದ ಮೇಲೆ ಕುಳಿತು ನೋಡುತ್ತಾರೆ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ.

ಪಾಗಾರದ ಮೇಲೆ ಕೂರುತ್ತಿದ್ದ ಆ ಮಕ್ಕಳನ್ನು ಅಂಗಳಕ್ಕೆ ಇಳಿಸಿದ್ದೇ ಈ ಸಂಸ್ಥೆಯ ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ. ಇಬ್ಬರು ತರಬೇತುದಾರರಲ್ಲಿ ಒಬ್ಬಾಕೆ ಹಳಿಯಾಳ ಕಡೆಯ ಯುವತಿ, ಇನ್ನೊಬ್ಬರು ಮುಂಡಗೋಡ ಕಡೆಯ ಯುವಕ. ಇಬ್ಬರೂ ಇದೇ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಓದಿ ಬೆಳೆದವರು. ಮಕ್ಕಳು ಅವರನ್ನು ಅಕ್ಕ, ಅಣ್ಣ ಎಂದೇ ಕರೆಯುತ್ತಾರೆ. ತರಗತಿಯ ಮೊದಲ ಹದಿನೈದು ನಿಮಿಷ ಎಲ್ಲರೂ ಸೇರುವ ಆಟ: ಕೆರೆ-ದಡ, ಹಗ್ಗ ಜಗ್ಗಾಟ, ಲಗೋರಿ. ಆಮೇಲೆ ಖೋ ಖೋ ಅಥವಾ ಕಬಡ್ಡಿ. ಕೊನೆಗೆ ವೃತ್ತಾಕಾರವಾಗಿ ಕುಳಿತು ಯಾರಿಗೆ ಏನು ಕಷ್ಟವಾಯಿತು, ಯಾರು ಯಾರಿಗೆ ನೆರವಾದರು ಎಂಬ ಮಾತುಕತೆ. ತಂಡದಲ್ಲಿ ಹುಡುಗರು ಹುಡುಗಿಯರು ಬೆರೆತಿರಬೇಕು, ಪ್ರತಿ ಆಟದಲ್ಲೂ ಪ್ರತಿ ಮಗುವಿಗೆ ಸರದಿ ಬರಬೇಕು, ನಾಯಕತ್ವ ವಾರವಾರ ಬದಲಾಗಬೇಕು ಎಂಬ ಮೂರು ನಿಯಮಗಳನ್ನು ಅವರು ಎಂದೂ ಸಡಿಲಿಸಿಲ್ಲ.

ಖೋ ಖೋವನ್ನು ಆರಿಸಿಕೊಂಡದ್ದು ವಿವೇಕದ ಕೆಲಸ. ಎರಡು ಕಂಬ, ಸುಣ್ಣದ ಗೆರೆ ಇದ್ದರೆ ಅಂಕಣ ಸಿದ್ಧ. ಅಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಒಬ್ಬರ ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ. ಅಟ್ಟುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಎಷ್ಟೇ ವೇಗದ ಓಟಗಾರನಾದರೂ ಒಬ್ಬನೇ ಗೆಲ್ಲಿಸಲಾರ. ಕುಳಿತವರ ಬೆನ್ನು ಮುಟ್ಟಿ ಖೋ ಕೊಡಲೇಬೇಕು. ಹೀಗಾಗಿ ಓಟದಲ್ಲಿ ಹಿಂದುಳಿದ, ಆದರೆ ಸಮಯ ನೋಡಿ ಖೋ ಕೊಡಬಲ್ಲ ಮಗುವಿಗೂ ತಂಡದಲ್ಲಿ ಬೆಲೆ ಬರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದವು. ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯೊಂದರಿಂದ ಹೋದ ಆಕೆಯ ಚಿತ್ರ ನಮ್ಮ ಶಾಲೆಯ ಗೋಡೆಯ ಮೇಲೆ ಈಗ ಇದೆ, ಮಕ್ಕಳೇ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದು.

ಐದನೆಯ ತರಗತಿಯ ಒಬ್ಬ ಹುಡುಗಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಎಮ್ಮೆ ಸಾಕುವ ಗೌಳಿಗರ ಕೇರಿಯಾದ ಗೌಳಿವಾಡೆಯಿಂದ ನಡೆದು ಬರುವ ಮಗು. ಮನೆಯಲ್ಲಿ ಗೌಳಿಗರ ಮರಾಠಿ, ಶಾಲೆಯಲ್ಲಿ ಕನ್ನಡ. ಬರೆಯಲು ಬರುತ್ತಿತ್ತು, ಕರೆದರೆ ತಲೆಯಾಡಿಸುತ್ತಿದ್ದಳು, ಬಾಯಿ ಬಿಟ್ಟು ಉತ್ತರ ಹೇಳುತ್ತಿರಲಿಲ್ಲ. ಖೋ ಖೋದಲ್ಲಿ ಮುಟ್ಟುವುದೂ ಕೂಗುವುದೂ ಒಟ್ಟಿಗೇ ಆಗಬೇಕು. ದನಿ ಕೇಳಿಸದಿದ್ದರೆ ಫೌಲ್. ಮೊದಮೊದಲು ಅವಳು ಬೆನ್ನು ಮುಟ್ಟಿ ಸುಮ್ಮನೆ ನಿಲ್ಲುತ್ತಿದ್ದಳು, ಫೌಲ್ ಆಗುತ್ತಿತ್ತು, ತಂಡದವರು ಸಿಡಿಮಿಡಿಗೊಳ್ಳುತ್ತಿದ್ದರು. ತರಬೇತುದಾರಳು ಅವಳನ್ನು ಬೈಯಲಿಲ್ಲ, ಆಟದಿಂದ ಹೊರಗೂ ಕೂರಿಸಲಿಲ್ಲ. ಬದಲಿಗೆ ಎಲ್ಲ ಮಕ್ಕಳನ್ನೂ ಅಂಗಳದ ಆ ತುದಿಗೆ ನಿಲ್ಲಿಸಿ, ಒಬ್ಬೊಬ್ಬರಾಗಿ ಈ ತುದಿಗೆ ಕೇಳುವಂತೆ ಖೋ ಎಂದು ಕೂಗಿಸಿದಳು; ಇವಳ ಸರದಿ ಬಂದಾಗ ಇಡೀ ಸಾಲನ್ನೇ ಜೊತೆಗೂಡಿಸಿದಳು. ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಅವಳ ದನಿ ರಸ್ತೆಯವರೆಗೆ ಕೇಳುತ್ತಿತ್ತು, ತರಗತಿಯಲ್ಲಿ ಪಾಠ ಓದಲು ತಾನೇ ಎದ್ದು ನಿಲ್ಲುತ್ತಿದ್ದಳು.

ಅವಳ ಅಪ್ಪನಿಗೆ ಈ ತರಗತಿಯ ಬಗ್ಗೆ ಆಕ್ಷೇಪವಿತ್ತು. ಪಾಲಕರ ಸಭೆಯಲ್ಲಿ ಎದ್ದು, "ಮಾಸ್ತರೇ, ಆಟ ಆಡೂಕೆ ಶಾಲೆಗೆ ಕಳಸಬೇಕಾ? ಎಮ್ಮೆ ಹಿಂದೆ ಓಡಿದ್ರೆ ಸಾಲೂದಿಲ್ವಾ?" ಎಂದು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಸಂಜೆ ದನ ಹೊಡೆದುಕೊಂಡು ಬರುವ ಕೆಲಸ ಆ ಮಗುವಿನದು. ಮುಖ್ಯ ಶಿಕ್ಷಕರು, "ಎಮ್ಮೆ ಹಿಂದೆ ಅವಳೊಬ್ಬಳೇ ಓಡ್ತಾಳೆ ಮಾರಾಯ್ರೇ, ಇಲ್ಲಿ ಒಂಬತ್ತು ಮಂದಿ ಕೂಡಿ ಓಡಬೇಕು" ಎಂದರು. ಸಂಸ್ಥೆಯವರು ಅಲ್ಲಿಗೇ ಬಿಡದೆ ತರಗತಿಯನ್ನು ಶಾಲೆ ಬಿಟ್ಟ ನಂತರದ ಹೊತ್ತಿನಿಂದ ಶಾಲಾ ವೇಳೆಯೊಳಗೇ ತಂದರು. ಬಿಸಿಯೂಟ ಅರಗಿದ ಮೇಲಿನ ಹೊತ್ತು ಅದಕ್ಕೆ ಸರಿಯಾದದ್ದು; ಬೆಳಿಗ್ಗೆ ಬರಿ ಚಹಾ ಕುಡಿದು ಗುಡ್ಡ ಇಳಿದು ಬರುವ ಮಕ್ಕಳನ್ನು, ಕ್ಷೀರಭಾಗ್ಯದ ಹಾಲು ಹೊಟ್ಟೆಗೆ ಬೀಳುವ ಮೊದಲೇ ಓಡಿಸುವುದು ಸಲ್ಲದು. ಕೊಯ್ಲಿನ ದಿನಗಳಲ್ಲಿ ಹಿಂದೆಲ್ಲ ಮನೆಯಲ್ಲೇ ಉಳಿಯುತ್ತಿದ್ದ ಮಕ್ಕಳಲ್ಲಿ ಹಲವರು ಆಟದ ದಿನ ತಪ್ಪದೆ ಬರುತ್ತಾರೆ, ಬಂದವರು ಬೆಳಗಿನ ಪಾಠಕ್ಕೂ ಕೂರುತ್ತಾರೆ ಎಂದು ಶಿಕ್ಷಕರು ಹೇಳುತ್ತಾರೆ.

ಸುರಕ್ಷತೆಯ ವಿಷಯದಲ್ಲಿ ನನಗೆ ದೂರಿಲ್ಲ. ಶಾಲೆಯ ಶಿಕ್ಷಕರೊಬ್ಬರು ಅಂಗಳದಲ್ಲಿ ಇಲ್ಲದೆ ತರಗತಿ ಆರಂಭವಾಗುವುದಿಲ್ಲ, ಮಹಿಳಾ ತರಬೇತುದಾರರಿಲ್ಲದ ದಿನ ಹುಡುಗಿಯರಿಗೆ ಕಬಡ್ಡಿಯ ಹಿಡಿತ ಕಲಿಸುವುದಿಲ್ಲ, 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಕ್ಕಳ ಕೈಯಲ್ಲೇ ಗೋಡೆಗೆ ಬರೆಸಿದ್ದಾರೆ.

ಸಾಮಗ್ರಿಯ ಗುಣಮಟ್ಟ ಏಕಪ್ರಕಾರವಾಗಿಲ್ಲ. ಹೊಲಿಗೆಯ ವಾಲಿಬಾಲ್ ನಮ್ಮ ಚಿರೆಕಲ್ಲಿನ ಹರಳಿನ ಮೇಲೆ ಬೇಗನೆ ಸಿಪ್ಪೆ ಸುಲಿದುಕೊಂಡಿತು. ಅಗ್ಗದ ರಬ್ಬರ್ ಚೆಂಡು ಬಾಳಿಕೆ ಬಂದಿದೆ. ಪ್ಲಾಸ್ಟಿಕ್ ಕೋನುಗಳು ಬಿಸಿಲಿಗೆ ಒಡೆದವು, ಅವುಗಳ ಜಾಗದಲ್ಲಿ ತೆಂಗಿನ ಕರಟ ಇಟ್ಟರೆ ಯಾವ ತೊಂದರೆಯೂ ಆಗಲಿಲ್ಲ. ಬೂಟು ಕೊಡುವುದಾಗಿ ದಾನಿಗಳೊಬ್ಬರು ಮುಂದೆ ಬಂದಿದ್ದರು. ಸಮಿತಿಯಲ್ಲಿ ಚರ್ಚಿಸಿ, ಬೂಟಿಗಿಂತ ಮೊದಲು ನೆಲ ಸರಿಯಾಗಲಿ ಎಂದು ಕೇಳಿಕೊಂಡೆವು. ಪಾಲಕರು ಶ್ರಮದಾನ ಮಾಡಿ ಹರಳು ಆರಿಸಿ, ಅಡಿಕೆ ಅಂಗಳಕ್ಕೆ ಮಾಡುವ ಹಾಗೆ ಮಣ್ಣು ಹಾಕಿ ಬಡಿದು ಗಟ್ಟಿ ಮಾಡಿದ ಮೇಲೆ ಮೊಣಕಾಲು ತರಚುವುದು ಬಹಳ ಕಡಿಮೆಯಾಗಿದೆ.

ಇನ್ನು ಕೊರತೆಗಳು. ಮೊದಲನೆಯದು ಮಳೆ. ಸಂಸ್ಥೆಯ ವಾರ್ಷಿಕ ಯೋಜನೆಯನ್ನು ಬರೆದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಹೇಗೆ ಮಳೆ ಹೊಡೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹಳ್ಳ ಏರಿ ಕಾಲುಸಂಕ ಮುಳುಗಿದ ವಾರಗಳಲ್ಲಿ ತರಬೇತುದಾರರು ಬರಲಾಗದ್ದನ್ನು ನಾನು ದೋಷವೆನ್ನುವುದಿಲ್ಲ. ಆದರೆ ಬಂದ ದಿನವೂ ಜಗಲಿಯಲ್ಲಿ, ಕೋಣೆಯಲ್ಲಿ ಏನು ಆಡಿಸಬೇಕು ಎಂಬ ಸಿದ್ಧತೆ ಅವರಲ್ಲಿ ಇರಲಿಲ್ಲ. ಚಿತ್ರಕ್ಕೆ ಬಣ್ಣ ತುಂಬಿಸಿ ಹೊತ್ತು ಕಳೆದರು. ಆಷಾಢದಲ್ಲಿ ಚೆನ್ನೆಮಣೆ ಹಿಡಿದು ಕೂರುವ ಅಜ್ಜಿಯರು, ಕಲ್ಲಾಟದಲ್ಲಿ ಕೈ ಪಳಗಿದ ಅಮ್ಮಂದಿರು ಇರುವ ಊರಿದು. ಅವರನ್ನು ಶಾಲೆಗೆ ಕರೆಯಲು ಖರ್ಚೇನೂ ಇರಲಿಲ್ಲ. ವಲಯ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದೂ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲೇ. ಅಂಗಳ ಕೆಸರಾಗಿರುವ ಹೊತ್ತಿಗೇ ಮಕ್ಕಳ ಅಭ್ಯಾಸಕ್ಕೆ ಅವಸರ ಬರುತ್ತದೆ.

ಎರಡನೆಯ ಕೊರತೆ ಇದಕ್ಕಿಂತ ಗಂಭೀರವಾದದ್ದು, ಅದು ಆ ಕ್ರೀಡಾಕೂಟದ ಬೆನ್ನಿಗೇ ಬಂತು. ನಮ್ಮ ತಂಡ ವಲಯದಲ್ಲಿ ಗೆದ್ದ ಮೇಲೆ ಸಂಸ್ಥೆಯ ಕಚೇರಿಯಿಂದ ಒಂದು ಪ್ರಸ್ತಾಪ ಬಂತು: ಚುರುಕಾದ ಮಕ್ಕಳನ್ನು, ಅದರಲ್ಲೂ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ, ವಾರದ ಎರಡು ತರಗತಿಗಳಲ್ಲಿ ಒಂದನ್ನು ಅವರಿಗೇ ಮೀಸಲಿಡುವುದು. ಸಿದ್ದಿ ಮಕ್ಕಳು ಹುಟ್ಟಿನಿಂದಲೇ ಓಟಗಾರರು ಎಂಬ ಮಾತು ಈ ಜಿಲ್ಲೆಗೆ ಹೊಸದಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಇಲ್ಲಿಯ ಸಿದ್ದಿ ಮಕ್ಕಳನ್ನು ಆಯ್ದು, ಮನೆಯಿಂದ ದೂರದ ಕ್ರೀಡಾ ವಸತಿ ನಿಲಯಗಳಿಗೆ ಒಯ್ದು ತರಬೇತಿ ಕೊಟ್ಟಿತು. ಅವರಲ್ಲಿ ಕೆಲವರು ದೇಶಕ್ಕಾಗಿ ಪದಕಗಳನ್ನೂ ತಂದರು. 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತುಹೋಯಿತು. ಅದರಿಂದ ಕೆಲವರಿಗೆ ನೌಕರಿ ಸಿಕ್ಕಿತು, ಹಲವರು ಮತ್ತೆ ಕೂಲಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಓದಿಗೆ ಸಿಗಬೇಕಾಗಿದ್ದ ನೆರವು ಓಟದ ಕನಸು ಮುಗಿದ ಎಷ್ಟೋ ವರ್ಷಗಳ ಮೇಲೆ ಬಂತು. ಪ್ರತಿಭೆಯಿರುವ ಮಗುವಿಗೆ ದಾರಿ ತೋರಿಸುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಜಾತಿ ನೋಡಿ ಮೈಕಟ್ಟನ್ನು ಊಹಿಸುವುದು, ಉಳಿದವರ ತರಗತಿಯನ್ನು ಕಡಿತ ಮಾಡಿ ಆರಿಸಿದವರಿಗೆ ಕೊಡುವುದು ಎರಡೂ ಈ ಸೇವೆಯ ಮೂಲ ಉದ್ದೇಶಕ್ಕೇ ವಿರುದ್ಧ. ನಮ್ಮ ಸಮಿತಿಯಲ್ಲಿರುವ ಸಿದ್ದಿ ತಾಯಿಯೊಬ್ಬರು ಇದನ್ನು ನನಗಿಂತ ಸ್ಪಷ್ಟವಾಗಿ ಹೇಳಿದರು: "ನನ್ನ ಮಗಂಗೆ ಲೆಕ್ಕ ಚೊಲೋ ಬರ್ತದೆ, ಅದ್ನ ಯಾರೂ ಕೇಳೂದಿಲ್ಲ." ಪ್ರಸ್ತಾಪವನ್ನು ಸಮಿತಿ ಒಪ್ಪಲಿಲ್ಲ, ತರಬೇತುದಾರರಿಬ್ಬರೂ ನಮ್ಮ ಪರವಾಗಿಯೇ ನಿಂತರು ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಇದೇ ಸಂಸ್ಥೆ ಅಂಕೋಲಾ ಕಡೆಯ ಮೀನುಗಾರರ ಕೇರಿಯ ಶಾಲೆಯೊಂದರಲ್ಲೂ ಕೆಲಸ ಮಾಡುತ್ತಿದೆ. ಅಲ್ಲಿ ನೆಲದ ಚಿಂತೆಯಿಲ್ಲ. ಇಳಿತದ ಹೊತ್ತಿನ ಗಟ್ಟಿ ಮರಳಿಗಿಂತ ಒಳ್ಳೆಯ ಕಬಡ್ಡಿ ಅಂಕಣ ಬೇರೆಲ್ಲೂ ಸಿಗಲಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅಪ್ಪಂದಿರು ಮನೆಯಲ್ಲಿರುತ್ತಾರೆ, ಮಳೆ ಹೊಳವಾದ ದಿನ ಮಕ್ಕಳ ಜೊತೆ ತಾವೂ ಆಟಕ್ಕೆ ಇಳಿಯುತ್ತಾರೆ ಎಂದು ಅಲ್ಲಿಯ ಶಿಕ್ಷಕಿ ತಿಳಿಸಿದರು.

ಮೂರನೆಯ ಕೊರತೆಗೆ ಪರಿಹಾರ ಸಂಸ್ಥೆಯೊಂದರ ಕೈಯಲ್ಲಿಲ್ಲ. ಏಳನೆಯ ತರಗತಿ ಮುಗಿಸಿದ ಹುಡುಗಿಯರು ದೂರದ ಪ್ರೌಢಶಾಲೆಗೆ ಬಸ್ಸು ಹತ್ತುತ್ತಾರೆ. ಸಂಜೆಯ ಬಸ್ಸು ತಪ್ಪಿದರೆ ಮನೆಗೆ ಬರುವ ದಾರಿಯಿಲ್ಲದ ಕಾರಣ ಅಲ್ಲಿ ಆಟಕ್ಕೆ ನಿಲ್ಲುವುದು ಸಾಧ್ಯವೇ ಇಲ್ಲ. ಹೀಗೆ ಬಿಟ್ಟುಹೋದವರಿಗಾಗಿ ಭಾನುವಾರದ ಬೆಳಿಗ್ಗೆ ನಮ್ಮ ಅಂಗಳವನ್ನು ತೆರೆದಿಡಲು ಸಮಿತಿ ಒಪ್ಪಿದೆ, ಹಳೆಯ ವಿದ್ಯಾರ್ಥಿನಿಯರೇ ಚಿಕ್ಕವರನ್ನು ಆಡಿಸುವಂತೆ ಅವರಿಗೆ ತರಬೇತಿ ಕೊಡಲು ಸಂಸ್ಥೆಯೂ ಒಪ್ಪಿದೆ.

ಈ ಕಾರಣಗಳಿಂದ ಮುಂದಿನ ಸಾಲಿಗೂ ನಾವು ಇದೇ ಸೇವೆಯನ್ನು ಮುಂದುವರಿಸುತ್ತಿದ್ದೇವೆ. ಇಂಥ ಸಂಸ್ಥೆಯನ್ನು ತಮ್ಮ ಶಾಲೆಗೆ ಕರೆಸಬೇಕೆಂದಿರುವ ಸಮಿತಿಗಳು ಬೇಸಿಗೆ ರಜೆಯಲ್ಲೇ, ಅಂದರೆ ವಾರ್ಷಿಕ ಯೋಜನೆ ಅಂತಿಮವಾಗುವ ಮೊದಲೇ ಮಾತುಕತೆ ನಡೆಸಬೇಕು. ಮಳೆಗಾಲದ ಒಳಾಂಗಣ ಆಟಗಳ ಪಟ್ಟಿ, ತರಬೇತುದಾರರು ಬರಲಾಗದ ದಿನ ಯಾರು ಆಡಿಸಬೇಕೆಂಬ ಏರ್ಪಾಡು, ಎಲ್ಲ ಮಕ್ಕಳ ಸರದಿಯ ನಿಯಮ ಇವು ಮೂರನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಸಾಮಗ್ರಿ ಮಾತ್ರ ಕೊಡುತ್ತೇವೆ, ಆಡಿಸುವವರನ್ನು ಕಳಿಸುವುದಿಲ್ಲ ಎನ್ನುವ ದಾನಿಗಳು ಬಂದರೆ, ಆ ಹಣದಲ್ಲಿ ತರಬೇತುದಾರರೊಬ್ಬರ ಬಸ್ ಪಾಸಿನ ಖರ್ಚನ್ನಾದರೂ ಹೊರಲು ಸಾಧ್ಯವೇ ಎಂದು ಕೇಳಿ ನೋಡಬೇಕು. ನಾವು ಕೇಳಿದೆವು, ಒಬ್ಬರು ಒಪ್ಪಿದರು.