ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿದೆ, 143 ಪುಟಗಳ ಕನ್ನಡ ಹೋಯಿತು

ನಿಮ್ಮ ಹತ್ತಿರ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹಳೇ ವೆಬ್ ಪುಟಗಳು ಇವೆಯಾ? ವೆಬ್ ಡಿಸೈನ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಹಾಕಿಕೊಳ್ಳೋಣ ಅಂತ ಇದ್ದೀರಾ? ಹಾಗಾದರೆ ಒಂದು ಹತ್ತು ನಿಮಿಷ ತಡೆಯಿರಿ. ನಾನು ತಡೆಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ತಾಲ್ಲೂಕು ಊರಿನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸು. ಅದರ ಜೊತೆಗೆ ಏಳೆಂಟು ವೆಬ್‌ಸೈಟ್‌ಗಳನ್ನೂ ನೋಡಿಕೊಳ್ಳುತ್ತೇನೆ. ಎಲ್ಲಕ್ಕಿಂತ ಹಳೆಯದು ಒಂದು ಪತ್ತಿನ ಸಹಕಾರ ಸಂಘದ್ದು. 2006ರಲ್ಲಿ ಮಾಡಿಕೊಟ್ಟಿದ್ದು. ಆಗ ಸಂಘದ ಕಚೇರಿಯಲ್ಲಿ ಎಲ್ಲವೂ ನುಡಿಯಲ್ಲೇ ಟೈಪ್ ಆಗುತ್ತಿತ್ತು. ಅವರು ಫೈಲ್ ಕೊಡುತ್ತಿದ್ದರು, ನಾನು ಹಾಗೇ ಪುಟಕ್ಕೆ ಅಂಟಿಸುತ್ತಿದ್ದೆ. 2014ರಿಂದ ಈಚೆಗೆ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆ ಇರುವ ಪದ್ಧತಿಗೆ, ಬಂದೆವು. ಆದರೆ ಹಳೇ ಪುಟಗಳನ್ನು ಯಾರೂ ಮುಟ್ಟಲಿಲ್ಲ. ಬೈಲಾ, ಹಳೇ ವಾರ್ಷಿಕ ವರದಿಗಳು, ಸ್ಥಾಪಕ ಸದಸ್ಯರ ಪರಿಚಯ, ಹೀಗೆ 143 ಪುಟ.

ಕಳೆದ ವರ್ಷ ಆಗಸ್ಟ್‌ನಲ್ಲಿ ಹೋಸ್ಟಿಂಗ್‌ನವರಿಂದ ಮೇಲ್ ಬಂತು. ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಭಾಷೆ) 5.6 ಇನ್ನು ಇರುವುದಿಲ್ಲ, ಹೊಸದಕ್ಕೆ ಬನ್ನಿ ಅಂತ. ಅವರದ್ದೇನೂ ತಪ್ಪಿಲ್ಲ. 5.6 ಅನ್ನು ಅದನ್ನು ತಯಾರಿಸುವವರೇ 2018ರ ಡಿಸೆಂಬರ್ 31ಕ್ಕೆ ಕೈಬಿಟ್ಟಿದ್ದರು. ಸೈಟಿನಲ್ಲಿ ಎರಡು ಪುಟ ಪಿಎಚ್‌ಪಿಯಲ್ಲಿದ್ದವು. ಒಂದು ಸದಸ್ಯತ್ವದ ಅರ್ಜಿ, ಇನ್ನೊಂದು ಠೇವಣಿ ಬಡ್ಡಿ ದರದ ಪಟ್ಟಿ. ಎರಡನ್ನೂ ನನ್ನ ಹಳೇ ಡಿಸೈನ್ ಸಾಫ್ಟ್‌ವೇರೇ ಬರೆದುಕೊಟ್ಟಿತ್ತು. ಮೌಸಿನಲ್ಲಿ ನಾಲ್ಕು ಕಡೆ ಒತ್ತಿದರೆ ಡೇಟಾಬೇಸ್ ಕೋಡ್ ತಾನಾಗಿ ಬರುತ್ತಿದ್ದ ಕಾಲ ಅದು. ಹಾಗೆ ಬಂದ ಕೋಡೆಲ್ಲ ಹಳೇ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳದ್ದು, ಅಂದರೆ ಡೇಟಾಬೇಸಿನ ಜೊತೆ ಮಾತಾಡುವ ಆದೇಶಗಳದ್ದು. 2015ರ ಕೊನೆಗೆ ಬಂದ ಪಿಎಚ್‌ಪಿ 7ರಲ್ಲಿ ಆ ಫಂಕ್ಷನ್‌ಗಳನ್ನೇ ತೆಗೆದುಹಾಕಿದ್ದಾರೆ.

ಇಲ್ಲೇ ನನ್ನ ಲೆಕ್ಕ ತಪ್ಪಿತು. ಹಳೇ ಸಾಫ್ಟ್‌ವೇರ್ ಹಳೇ ಕೋಡ್ ಬರೆದಿದೆ, ಹೊಸದು ಹಾಕಿದರೆ ಅದೇ ಹೊಸ ಕೋಡ್ ಬರೆದುಕೊಡುತ್ತದೆ ಅಂದುಕೊಂಡೆ. ಎಷ್ಟು ಸರಳ, ಅಲ್ವಾ? ಅದೇ ಹೊತ್ತಿಗೆ ಆ ಡಿಸೈನ್ ಸಾಫ್ಟ್‌ವೇರ್ ಕಂಪನಿಯಿಂದ ಹಬ್ಬದ ಆಫರ್‌ನ ಇಮೇಲೂ ಬಂತು. 48 ಗಂಟೆ ಮಾತ್ರ ಅಂತ ಗಡಿಯಾರ ಓಡುತ್ತಿತ್ತು. ಹೊಸದೇನಿದೆ ಅಂತ ಉದ್ದ ಪಟ್ಟಿ ಕೊಟ್ಟಿದ್ದರು. ಏನೇನು ತೆಗೆದಿದ್ದೇವೆ ಅನ್ನುವ ಪಟ್ಟಿ ಎಲ್ಲೂ ಕಾಣಲಿಲ್ಲ. ನಾನೂ ಹುಡುಕಲಿಲ್ಲ ಬಿಡಿ.

ಹಣ ಕಟ್ಟಿದೆ. ಇನ್‌ಸ್ಟಾಲ್ ಆಗುವಾಗ ‘ಹಳೇ ಆವೃತ್ತಿಯನ್ನು ತೆಗೆದುಹಾಕು’ ಅನ್ನುವ ಜಾಗದಲ್ಲಿ ಮೊದಲೇ ಟಿಕ್ ಇತ್ತು. ನೋಡಿಯೂ ನೋಡದವನ ಹಾಗೆ ಮುಂದೆ ಹೋದೆ.

ಹೊಸದು ತೆರೆದು ಡೇಟಾಬೇಸ್ ಪ್ಯಾನಲ್ ಹುಡುಕಿದೆ. ಇರಲಿಲ್ಲ. ಮೆನು ಮೆನು ಜಾಲಾಡಿದೆ. ಅದನ್ನು ಕೈಬಿಟ್ಟು ಎಷ್ಟೋ ವರ್ಷ ಆಗಿತ್ತು. ಯಾವ ಕೆಲಸಕ್ಕೆ ಅಂತ ದುಡ್ಡು ಕೊಟ್ಟಿದ್ದೆನೋ ಆ ಕೆಲಸವೇ ಅದರಲ್ಲಿ ಆಗುವಂತಿರಲಿಲ್ಲ. ಕೊನೆಗೆ ಎರಡು ಪುಟವನ್ನೂ ಕೈಯಾರೆ ತಿದ್ದಿದೆ. ಹಳೇ ಫಂಕ್ಷನ್‌ಗಳ ಜಾಗಕ್ಕೆ ಮೈಎಸ್‌ಕ್ಯುಎಲ್‌ಐ ಫಂಕ್ಷನ್‌ಗಳನ್ನು ಹಾಕಿದೆ. ಸುಮ್ನೆ ಒಂದು ಐ ಸೇರಿಸಿದರೆ ಸಾಲದು. ಡೇಟಾಬೇಸಿಗೆ ಕ್ವೆರಿ (ಪ್ರಶ್ನೆ) ಕಳಿಸುವಾಗ ಕನೆಕ್ಷನ್ನಿನ ಹೆಸರು ಮೊದಲು ಬರಬೇಕು, ಹಳೆಯದರಲ್ಲಿ ಅದು ಕೊನೆಗೆ ಇರುತ್ತಿತ್ತು. ಅರ್ಧ ದಿನದ ಕೆಲಸ. ಮಾಡಿದ್ದು ಯಾವುದರಲ್ಲಿ ಗೊತ್ತಾ? ಪುಕ್ಕಟೆ ಸಿಗುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ.

ಇಷ್ಟಕ್ಕೇ ಮುಗಿದಿದ್ದರೆ ದುಡ್ಡು ದಂಡ ಅಂತ ಸುಮ್ಮನಾಗುತ್ತಿದ್ದೆ.

ಸಂಘದವರ ಫೋನ್ ನಂಬರ್ ಬದಲಾಗಿತ್ತು. ಎಲ್ಲ ಪುಟಗಳ ಅಡಿಯಲ್ಲೂ ಬರುವ ಸಾಲು ಅದು. ಟೆಂಪ್ಲೇಟಿನಲ್ಲಿ ಒಂದು ಕಡೆ ತಿದ್ದಿದರೆ ಅದಕ್ಕೆ ಸೇರಿದ ಎಲ್ಲ ಪುಟಗಳೂ ಬದಲಾಗುತ್ತವೆ. ಹಳೇ ಪುಟಗಳಿಗೊಂದು ಟೆಂಪ್ಲೇಟು, ಯೂನಿಕೋಡ್ ಪುಟಗಳಿಗೊಂದು. ಎರಡರಲ್ಲೂ ತಿದ್ದಿದೆ. ‘ಎಲ್ಲ ಪುಟ ಅಪ್‌ಡೇಟ್ ಮಾಡಲೇ?’ ಅಂತ ಕೇಳಿತು. ಹೂಂ ಅಂದೆ. ಅರ್ಧ ನಿಮಿಷದಲ್ಲಿ ಮುಗಿಯಿತು. ಮುಖಪುಟ, ಬಡ್ಡಿ ದರ, ಮಹಾಸಭೆಯ ನೋಟಿಸು, ಮೂರನ್ನೂ ತೆರೆದು ನೋಡಿದೆ. ಚೆನ್ನಾಗಿದ್ದವು. ಎಲ್ಲವನ್ನೂ ಸರ್ವರ್‌ಗೆ ಏರಿಸಿ ಮನೆಗೆ ಹೋದೆ. ಆ ಮೂರೂ ಯೂನಿಕೋಡ್ ಪುಟಗಳು ಅನ್ನುವುದು ಆಗ ಹೊಳೆಯಲೇ ಇಲ್ಲ.

ಹನ್ನೊಂದು ದಿನ ಆದಮೇಲೆ ಕಾರ್ಯದರ್ಶಿಗಳ ಫೋನ್.

“ಏನ್ರೀ ಇದು, ಬೈಲಾ ಪುಟದ ತುಂಬಾ ಪ್ರಶ್ನೆ ಚಿಹ್ನೆ? ಮಹಾಸಭೇಲಿ ಸದಸ್ಯರು ಕೇಳೋ ಪ್ರಶ್ನೆ ಸಾಲ್ದು ಅಂತ ಇದನ್ನೂ ಹಾಕಿದೀರಾ?”

“ಫಾಂಟ್ ಲೋಡ್ ಆಗಿಲ್ಲ ಅನ್ಸುತ್ತೆ ಸಾರ್. ಇನ್ನೊಂದ್ಸಲ ರಿಫ್ರೆಶ್ ಮಾಡಿ ನೋಡಿ.”

ಫಾಂಟಿನ ತೊಂದರೆ ಅಲ್ಲ ಅದು. ಏನಾಗಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಫೈಲಿನ ಒಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ಜೊತೆಗೆ ತಲೆ ಮೇಲೆ ಗೆರೆ ಚುಕ್ಕೆ ಹೊತ್ತ ಯುರೋಪಿನ ಅಕ್ಷರಗಳು ಇರುತ್ತವೆ. ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ನುಡಿಯಲ್ಲಿ ‘ಕನ್ನಡ’ ಅನ್ನುವ ಪದಕ್ಕೆ ಏಳು ಬೈಟ್, ಅಂದರೆ ಏಳು ಸಂಖ್ಯೆ, ಬೇಕು. ಅದರಲ್ಲಿ ಎರಡು ಸಾದಾ ಇಂಗ್ಲಿಷ್ ಅಕ್ಷರ, ಒಂದು ‘ಪಿ’, ಒಂದು ‘ಕ್ಯೂ’. ಉಳಿದ ಐದೂ 127ಕ್ಕಿಂತ ಮೇಲಿನ ಸಂಖ್ಯೆಗಳು, ಅಂದರೆ ಸಾದಾ ಇಂಗ್ಲಿಷಿನ ಆಚೆಯವು.

ನನ್ನ ಹಳೇ ಪುಟಗಳಲ್ಲಿ ಇದು ಯಾವ ಎನ್‌ಕೋಡಿಂಗ್ (ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಪಟ್ಟಿ) ಅಂತ ಹೇಳುವ ಸಾಲೇ ಇರಲಿಲ್ಲ. 2006ರಲ್ಲಿ ಯಾರಿಗೆ ಬೇಕಿತ್ತು ಅದು? ಹಳೇ ಸಾಫ್ಟ್‌ವೇರ್ ಆ ಸಾಲು ಇಲ್ಲದಿದ್ದರೆ ವಿಂಡೋಸ್‌ನ ಹಳೇ ಪಟ್ಟಿಯಂತೆ ಓದುತ್ತಿತ್ತು. ಹೊಸದು ಯುಟಿಎಫ್-8 (ಯೂನಿಕೋಡ್‌ನ ಎನ್‌ಕೋಡಿಂಗ್) ಅಂತಲೇ ಓದುತ್ತದೆ. ಯುಟಿಎಫ್-8ರಲ್ಲಿ ಆ ಮೇಲಿನ ಬೈಟ್‌ಗಳು ಒಂಟಿಯಾಗಿ ಬರುವ ಹಾಗಿಲ್ಲ. ಬಂದರೆ ಓದಲಾಗಲಿಲ್ಲ ಅಂತ ಅಲ್ಲೊಂದು ಕಪ್ಪು ವಜ್ರಾಕೃತಿಯೊಳಗಿನ ಪ್ರಶ್ನೆ ಚಿಹ್ನೆ ಇಡುತ್ತದೆ. ತೋರಿಸುವುದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸೇವ್ ಮಾಡಿದಾಗ ಆ ಚಿಹ್ನೆಯನ್ನೇ ಫೈಲಿಗೆ ಬರೆದುಬಿಡುತ್ತದೆ. ಮೂರು ಬಗೆಯ ಐದು ಅಕ್ಷರಗಳಿದ್ದ ಕಡೆ ಈಗ ಒಂದೇ ಚಿಹ್ನೆ, ಐದು ಸಲ. ‘ಕನ್ನಡ’ದಲ್ಲಿ ಉಳಿದದ್ದು ಪಿ ಮತ್ತು ಕ್ಯೂ. ಅದರಿಂದ ಹಿಂದಿನದನ್ನು ಯಾವ ಪಂಡಿತನೂ ಹೊರತೆಗೆಯಲಾರ.

ಇನ್ನೊಂದು ತಮಾಷೆ. ಆ ಚಿಹ್ನೆಗೆ ಮೂರು ಬೈಟ್ ಬೇಕು. ಹಾಗಾಗಿ 12 ಕೆಬಿ ಇದ್ದ ಬೈಲಾ ಫೈಲು 20 ಕೆಬಿ ಆಗಿತ್ತು. ಒಳಗಿನದೆಲ್ಲ ಹೋಗಿ ಫೈಲು ದಪ್ಪ ಆಗಿದ್ದು! ನಾನು ಅಪ್‌ಲೋಡ್ ಮಾಡುವಾಗ ಸೈಜ್ ಕಡೆ ಕಣ್ಣು ಹಾಯಿಸಿದ್ದರೂ ಸಾಕಿತ್ತು.

ಬ್ಯಾಕಪ್ ಇರಲಿಲ್ವಾ ಅಂತ ಕೇಳುತ್ತೀರಿ. ಇತ್ತು ಅಂದುಕೊಂಡಿದ್ದೆ. ಹೋಸ್ಟಿಂಗ್‌ನವರು ಏಳು ದಿನದ್ದು ಮಾತ್ರ ಇಡುತ್ತಾರೆ, ನನಗೆ ಗೊತ್ತಾಗಿದ್ದು ಹನ್ನೊಂದನೇ ದಿನ. ಅಂಗಡಿಯಲ್ಲಿ ಹಾರ್ಡ್ ಡಿಸ್ಕ್ ಇದೆ, ರಾತ್ರಿ ತಾನಾಗಿ ಕಾಪಿ ಆಗುತ್ತದೆ. ಅದು ನಿಷ್ಠೆಯಿಂದ ಅದೇ ರಾತ್ರಿ ಕೆಟ್ಟ ಫೈಲುಗಳನ್ನು ಒಳ್ಳೆಯವುಗಳ ಮೇಲೆ ಬರೆದಿತ್ತು. ಹಳೇ ಆವೃತ್ತಿಗೆ ವಾಪಸ್ ಹೋಗೋಣ ಅಂದರೆ ಅದೂ ಇಲ್ಲ. ಡಿವಿಡಿ ಇತ್ತು, ಸೀರಿಯಲ್ ನಂಬರೂ ಇತ್ತು. ಆದರೆ ಇನ್‌ಸ್ಟಾಲ್ ಆದಮೇಲೆ ಅದು ಕಂಪನಿಯ ಸರ್ವರ್‌ನ ಒಪ್ಪಿಗೆ ಕೇಳುತ್ತದೆ. ಆ ಸರ್ವರ್ ಮುಚ್ಚಿ ಬಹಳ ದಿನ ಆಗಿದೆಯಂತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಣ ಅಂತ ಹೋದರೆ ಬಾಗಿಲೂ ಇರಲಿಲ್ಲ.

2013ರ ಒಂದು ಡಿವಿಡಿ ಬೀರುವಿನಲ್ಲಿ ಸಿಕ್ಕಿತು. 61 ಪುಟ ಅದರಿಂದ ಬಂತು. 57 ಪುಟ ವೇಬ್ಯಾಕ್ ಮಷೀನ್‌ನಲ್ಲಿತ್ತು. ಇದು ಇಂಟರ್ನೆಟ್ ಆರ್ಕೈವ್ ಅನ್ನುವ ಸಂಸ್ಥೆಯವರದ್ದು, ವೆಬ್ ಪುಟಗಳ ಹಳೇ ರೂಪಗಳನ್ನು ಕಾಪಿಟ್ಟಿರುತ್ತಾರೆ. ವಿಳಾಸದಲ್ಲಿರುವ ದಿನಾಂಕದ ಅಂಕಿಗಳ ಬೆನ್ನಿಗೇ ‘ಐ ಡಿ ಅಂಡರ್‌ಸ್ಕೋರ್’ ಸೇರಿಸಿದರೆ ಅವರ ಪಟ್ಟಿ ಗಿಟ್ಟಿ ಏನೂ ಇಲ್ಲದೆ ಮೂಲ ಪುಟವೇ ಸಿಗುತ್ತದೆ. ಇದೊಂದು ಕಲಿತಿದ್ದು ಲಾಭ. 20 ಪುಟಗಳನ್ನು ಸಂಘದ ಹಳೇ ಅಚ್ಚಾದ ವರದಿಗಳನ್ನು ನೋಡಿ ನಾನೂ ನನ್ನಾಕೆಯೂ ಮತ್ತೆ ಟೈಪ್ ಮಾಡಿದೆವು.

ಈ ಸಲ ಸಿಕ್ಕಿದ್ದನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಿದೆ. ಪರಿವರ್ತಕಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಒಂದೇ ಕಷ್ಟ, ನಡುವೆ ನಿಜವಾದ ಇಂಗ್ಲಿಷ್ ಇದ್ದರೆ ಅದನ್ನೂ ಕನ್ನಡ ಅಂತಲೇ ತಿಳಿಯುತ್ತವೆ. ಸಂಘದ ಇಮೇಲ್ ವಿಳಾಸ ಯಾವುದೋ ಮಂತ್ರದ ಹಾಗೆ ಆಗಿತ್ತು. ಪ್ರತಿ ಪುಟವನ್ನೂ ಕಣ್ಣಿಟ್ಟು ಓದಲೇಬೇಕು.

ಹಾಗಂತ ಅಪ್‌ಗ್ರೇಡೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಳೆಯದಕ್ಕೆ ಜೋತುಬಿದ್ದವರೂ ಕೆಟ್ಟಿದ್ದಾರೆ. ವೆಬ್ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಫ್ರಂಟ್‌ಪೇಜ್ 2003ರ ಆವೃತ್ತಿಗೇ ಕೊನೆಯಾಯಿತು. ಅಡೋಬಿ ಮ್ಯೂಸ್ ನಿಲ್ಲಿಸುತ್ತೇವೆ ಅಂತ 2018ರ ಮಾರ್ಚ್‌ನಲ್ಲಿ ಹೇಳಿ 2020ರ ಮಾರ್ಚ್‌ಗೆ ಬೆಂಬಲ ನಿಲ್ಲಿಸಿದರು. ಮ್ಯಾಕ್ ಬಳಸುವವರಿಗೆ 2019ರಲ್ಲಿ ಮ್ಯಾಕ್‌ನ ಕ್ಯಾಟಲೀನಾ ಆವೃತ್ತಿ ಬಂದಾಗ ಹಳೇ ಕಾಲದ 32-ಬಿಟ್ ಪ್ರೋಗ್ರಾಮುಗಳೆಲ್ಲ ಒಂದೇ ಏಟಿಗೆ ನಿಂತವು. ನಿಮ್ಮ ಸಾಫ್ಟ್‌ವೇರ್ ಆ ದಾರಿಯಲ್ಲಿದ್ದರೆ ಬದಲಾಯಿಸಲೇಬೇಕು. ಆದರೆ ಸರ್ವರ್‌ನಲ್ಲಿರುವ ತೊಂದರೆಗೆ ಡಿಸೈನ್ ಸಾಫ್ಟ್‌ವೇರ್ ಕೊಂಡರೆ ಏನು ಬಂತು? ಬರೆದು ಆಗಿರುವ ಕೋಡನ್ನು ಹೊಸ ಆವೃತ್ತಿ ತಾನಾಗಿ ತಿದ್ದುವುದಿಲ್ಲ.

ಹೊಸದನ್ನು ಹಾಕುವುದೇ ಆದರೆ ಬೇರೆ ಕಂಪ್ಯೂಟರಿನಲ್ಲಿ ಹಾಕಿ. ಹೆಚ್ಚಿನವಕ್ಕೆ ಕೆಲವು ದಿನದ ಟ್ರಯಲ್ ಇರುತ್ತದೆ. ಇಡೀ ಸೈಟಿನ ಫೋಲ್ಡರನ್ನು ಕಾಪಿ ಮಾಡಿ, ಆ ಕಾಪಿಯಲ್ಲಿ ಎಲ್ಲಕ್ಕಿಂತ ಹಳೇ ಪುಟವನ್ನು ತೆರೆಯಿರಿ. ಹೊಸ ಪುಟವನ್ನಲ್ಲ. ಒಂದು ಅಕ್ಷರ ತಿದ್ದಿ ಸೇವ್ ಮಾಡಿ, ಫೈಲ್ ಸೈಜ್ ನೋಡಿ, ಬ್ರೌಸರ್‌ನಲ್ಲಿ ತೆರೆಯಿರಿ. ಪುಕ್ಕಟೆ ಎಡಿಟರ್‌ಗಳೂ ಇದಕ್ಕೆ ಹೊರತಲ್ಲ. ವಿಎಸ್ ಕೋಡ್ ಕೂಡ ಎಲ್ಲವನ್ನೂ ಯುಟಿಎಫ್-8 ಅಂತಲೇ ತೆರೆಯುತ್ತದೆ, ಎನ್‌ಕೋಡಿಂಗ್ ನೀವು ಆರಿಸಿ ಮತ್ತೆ ತೆರೆಯಬೇಕು. ಹಳೇ ಆವೃತ್ತಿಯನ್ನಂತೂ ಮೂರು ತಿಂಗಳಾದರೂ ಅಳಿಸಬೇಡಿ.

ದುಡ್ಡಿನ ವಿಷಯ ಬಾಕಿ ಇದೆ. ಹಳೆಯದು ಒಂದೇ ಸಲ ಕೊಂಡಿದ್ದು. ಹೊಸದು ತಿಂಗಳ ಕಂತು, ಮೇಲೆ 18% ಜಿಎಸ್‌ಟಿ. ಬೇಡ ಅಂತ ರದ್ದು ಮಾಡಲು ಹೋದೆ. ಅದು ತಿಂಗಳ ಲೆಕ್ಕದ ಯೋಜನೆ ಅಲ್ಲವಂತೆ, ವರ್ಷದ ಕರಾರು, ಕಟ್ಟುವುದು ಮಾತ್ರ ತಿಂಗಳಿಗೊಮ್ಮೆ. ನಡುವೆ ಬಿಟ್ಟರೆ ದಂಡ. ಆಫರ್ ಪುಟದಲ್ಲಿ ಇದು ಇತ್ತು, ಸಣ್ಣ ಅಕ್ಷರದಲ್ಲಿ. ಬ್ಯಾಂಕಿನಲ್ಲಿ ಕಾರ್ಡಿನ ಇ-ಮ್ಯಾಂಡೇಟ್ (ಕಂತು ತಾನಾಗಿ ಹೋಗಲು ಕೊಟ್ಟ ಒಪ್ಪಿಗೆ) ರದ್ದು ಮಾಡಬಹುದು, ಆದರೆ ಕರಾರು ಅದರಿಂದ ಹೋಗುವುದಿಲ್ಲ.

ಐದು ಪುಟ ಇವತ್ತಿಗೂ ಸಿಕ್ಕಿಲ್ಲ. ಅದರಲ್ಲಿ ನಾಲ್ಕು ಹಳೇ ನೋಟಿಸುಗಳು, ಯಾರೂ ಕೇಳುವುದಿಲ್ಲ. ಇನ್ನೊಂದು ಸಂಘದ ಮೊದಲ ಅಧ್ಯಕ್ಷರು ಹೇಳಿ ಬರೆಸಿದ್ದ ಎರಡು ಪುಟದ ನೆನಪು. ಅವರು ಈಗಿಲ್ಲ. ಕೈಬರಹದ ಪ್ರತಿ ಅವರ ಮನೆಯ ಅಟ್ಟದಲ್ಲಿ ಇರಬಹುದು ಅಂತ ಮಗ ಹೇಳಿದ್ದಾರೆ, ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ನೋಡುತ್ತಾರಂತೆ.