ಒಂದು ಎದೆ, ಎರಡು ಕೆಟ್ಟ ಕೈ: ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ

ಹೃದಯದ ಬೈಪಾಸ್ ಆಪರೇಷನ್ ಆಗಿ ಐದು ತಿಂಗಳಾಯಿತು. ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಲ್ಲಿ ಬಿಗಿದಿದ್ದಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ, ಪೂರಾ ಗಟ್ಟಿಯಾಗಲು ಸುಮಾರು 3 ತಿಂಗಳು. ಭಾರ ಎತ್ತಬೇಡಿ, ಕೈ ಊರಿ ಏಳಬೇಡಿ ಅಂತ ಎಲ್ಲರಿಗೂ ಹೇಳುತ್ತಾರೆ. ನನ್ನ ಕೈಗಳ ಕಥೆ ಮಾತ್ರ ಬೇರೆ. ನಾಲ್ಕು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಎಡ ಭುಜದ ಸ್ನಾಯು ಹರಿದಿತ್ತು, ಆಮೇಲೆ ಭುಜವೇ ಹಿಡಿದುಕೊಂಡಿತು. ಬಲ ಮಣಿಕಟ್ಟಿನಲ್ಲಿ ಪ್ಲೇಟ್ ಇದೆ. ಭುಜದ ಡಾಕ್ಟರು 'ಆಡಿಸ್ತಾ ಇರಿ, ಇಲ್ಲಾಂದ್ರೆ ಬಿಗಿಯುತ್ತೆ' ಅನ್ನುತ್ತಿದ್ದರು. ಎದೆಯ ಡಾಕ್ಟರು 'ಆಡಿಸಬೇಡಿ' ಅಂದರು. ಯಾರ ಮಾತು ಕೇಳೋದು?

ಮೊದಲ ತಲೆನೋವು ಮಲಗುವುದು. ಚಪ್ಪಟೆ ಹಾಸಿಗೆಯಲ್ಲಿ ಅಂಗಾತ ಮಲಗಿದರೆ ಎದೆ ಎಳೆಯುತ್ತದೆ. ಎಡಕ್ಕೆ ಹೊರಳಿದರೆ ಭುಜ ಬಿಡುವುದಿಲ್ಲ. ಮೂರು ದಿಂಬು ಪೇರಿಸಿದೆ, ನಡುರಾತ್ರಿ ಹೊತ್ತಿಗೆ ಜಾರಿ ಕತ್ತು ನೋವು. ಆಮೇಲೆ ಮಾವನವರ ಕಾಲದ ಆರಾಮ ಕುರ್ಚಿ ಹೊರಗೆ ತೆಗೆಸಿದೆ. ದಪ್ಪ ಬಟ್ಟೆಯದು, ಒರಗಿದ ತಕ್ಷಣ ನಿದ್ದೆ ಬಂತು. ಅಷ್ಟು ಚೆನ್ನಾಗಿ ಆಸ್ಪತ್ರೆಯಲ್ಲೂ ಮಲಗಿರಲಿಲ್ಲ. ಆದರೆ ಬೆಳಗಿನ ಜಾವ ಬಾತ್‌ರೂಮಿಗೆ ಏಳಬೇಕು ಅಂದಾಗ ಗೊತ್ತಾಯಿತು, ಆ ಹಳ್ಳದಿಂದ ಎರಡೂ ಕೈ ಊರದೆ ಏಳುವುದಕ್ಕೇ ಆಗುವುದಿಲ್ಲ. ಇವರು ಎಚ್ಚರವಾಗುವ ತನಕ ತೊಟ್ಟಿಲ ಕೂಸಿನ ಹಾಗೆ ಅದರಲ್ಲೇ ಬಿದ್ದಿದ್ದೆ. ಕೊನೆಗೆ ಮೆಡಿಕಲ್ ಅಂಗಡಿಯಿಂದ ಹ್ಯಾಂಡಲ್ ತಿರುಗಿಸಿ ತಲೆಕಡೆ ಎತ್ತುವ ಮಂಚ ಬಾಡಿಗೆಗೆ ತಂದೆವು, ತಿಂಗಳಿಗೆ 2,500 ರೂಪಾಯಿ. ದುಡ್ಡಿಗೆ ಮೋಸವಿಲ್ಲ. ಎಡಗೈ ಕೆಳಗೆ ಒಂದು ಮಡಚಿದ ಟವೆಲ್ ಇಟ್ಟರೆ ಭುಜವೂ ಸುಮ್ಮನಿರುತ್ತಿತ್ತು.

ಏಳುವುದಕ್ಕೆ ಮಂಚದ ಕಾಲುಕಡೆ ಹಳೇ ಸೀರೆ ಕಟ್ಟಿ ಹಿಡಿದು ಏಳು ಅಂತ ಪಕ್ಕದ ಮನೆ ಅಕ್ಕ ಹೇಳಿದರು. ಒಂದೇ ಸಲ ಎಳೆದೆ. ಎದೆಗೂ ಭುಜಕ್ಕೂ ಒಟ್ಟಿಗೆ ಹಿಡಿಯಿತು. ಫಿಸಿಯೋ ಹುಡುಗಿ ಹೇಳಿಕೊಟ್ಟಿದ್ದು ಮೈಯನ್ನೆಲ್ಲ ಒಂದೇ ಸಲಕ್ಕೆ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಬಿಟ್ಟು ಏಳುವುದು. ಒಳ್ಳೇದೇ, ಆದರೆ ನಾನು ಬಲಕ್ಕೇ ಹೊರಳಬೇಕು, ಅದೂ ಅಂಗೈ ಊರದೆ ಮೊಣಕೈ ಮೇಲೆ. ಮಂಚದ ತಲೆಕಡೆ ಪೂರ್ತಿ ಎತ್ತಿಸಿಕೊಂಡು ಕಾಲು ಇಳಿಬಿಡುವುದು ಇದಕ್ಕಿಂತ ಸುಲಭ. ಕೈಯೇ ಬೇಡ.

ಕೆಮ್ಮುವಾಗ ಎದೆ ಒತ್ತಿ ಹಿಡಿಯಬೇಕಲ್ವಾ, ಅದಕ್ಕೆ ಆಸ್ಪತ್ರೆಯಲ್ಲಿ ಬೆಲ್ಟ್ ಕೊಟ್ಟಿದ್ದರು. ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗಬೇಕು, ನನ್ನ ಎಡಗೈ ಹೋಗದು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಅದರೊಳಗೆ ಬೆವರು, ತುರಿಕೆ ಬೇರೆ. ದೊಡ್ಡ ದಿಂಬು ತಬ್ಬಿಕೊಳ್ಳಲು ಭುಜ ಒಪ್ಪಲಿಲ್ಲ. ಗೆದ್ದಿದ್ದು ಮೊಮ್ಮಗಳ ಸಾಸಿವೆ ದಿಂಬು! ಅಂಗೈ ಎರಡರಷ್ಟು ಅಗಲ, ಒತ್ತಿದರೆ ಗಾಯದ ಗುಂಟ ತಾನೇ ಹೊಂದಿಕೊಳ್ಳುತ್ತದೆ, ಮೊಣಕೈ ಪಕ್ಕೆ ಬಿಟ್ಟು ಕದಲುವುದಿಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬರುವಾಗ ಇದು ಸೀಟ್ ಬೆಲ್ಟಿನ ಕೆಳಗೆ ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ನೋವಿಗೆ ಹೆಚ್ಚು ಆಯ್ಕೆ ಇಲ್ಲ. ಭುಜಕ್ಕೆ ವರ್ಷಗಳಿಂದ ನುಂಗುತ್ತಿದ್ದ ಡೈಕ್ಲೋಫೆನಾಕ್ ಬೈಪಾಸ್ ಆದ ಮೇಲೆ ಕೂಡದು, ಹೃದಯಕ್ಕೆ ಅಪಾಯ ಅಂದರು. ಪ್ಯಾರಾಸಿಟಮಾಲ್ ಮಾತ್ರ. ಹಾಗಾಗಿ ಬಿಸಿನೀರಿನ ಬ್ಯಾಗೋ ಐಸೋ ಎಂಬ ಪ್ರಶ್ನೆ. ಹಿಡಿದುಕೊಂಡ ಭುಜಕ್ಕೆ ಬಿಸಿಯೇ ಹಿತ. ಆದರೆ ಹೃದಯಕ್ಕೆ ಜೋಡಿಸಲು ಎದೆಯ ಒಳಗಿನಿಂದ ಒಂದು ರಕ್ತನಾಳ ತೆಗೆದಿರುತ್ತಾರೆ, ನನಗೆ ಎಡಗಡೆಯದು. ಆ ಜಾಗದ ಚರ್ಮ ಜೋಮು. ಬ್ಯಾಗು ಭುಜದಿಂದ ಜಾರಿ ಎದೆ ಮೇಲೆ ಕೂತಿದ್ದು ನನಗೆ ತಿಳಿಯಲೇ ಇಲ್ಲ. ಎದ್ದು ನೋಡಿದರೆ ಎರಡು ರೂಪಾಯಿ ನಾಣ್ಯದಷ್ಟು ಬೊಬ್ಬೆ. ಆಮೇಲೆ ಬಿಸಿ ಒದ್ದೆ ಟವೆಲ್, ಅದೂ ಕೂತು, ಎಚ್ಚರ ಇರುವಾಗ, ಇವರು ಕೈಯಲ್ಲಿ ಮುಟ್ಟಿ ನೋಡಿ ಕೊಟ್ಟ ಮೇಲೆ.

ಬಟ್ಟೆಯದು ದೊಡ್ಡ ವಿಷಯವಲ್ಲ. ಮುಂದೆ ಗುಂಡಿ ಇರುವ ನೈಟಿ ಸಾಕು. ಹಾಕುವಾಗ ಎಡಗೈ ಮೊದಲು, ಬಿಚ್ಚುವಾಗ ಕೊನೆಗೆ.

ಇನ್ನು ಭುಜದ ವ್ಯಾಯಾಮ. ಬಾಗಿಲಿಗೆ ನೇತುಹಾಕಿ ಹಗ್ಗ ಎಳೆಯುವ ರಾಟೆಯನ್ನು ಬೀರುವಿನಿಂದ ತೆಗೆಯಲೇ ಇಲ್ಲ. ಮೂರನೇ ವಾರ ಮಾತ್ರ ಸುಮ್ಮನಿರಲಾರದೆ ಗೋಡೆ ಮೇಲೆ ಎಡಗೈ ಬೆರಳು ಹತ್ತಿಸುತ್ತ ಹೋದೆ. ಎದೆಯಲ್ಲಿ 'ಟಕ್' ಅಂತು. ಜೀವ ಬಾಯಿಗೆ ಬಂತು. ಎಕ್ಸ್‌ರೇಯಲ್ಲಿ ತಂತಿಯೆಲ್ಲ ಸರಿ ಇತ್ತು, ಆದರೆ ಬೈಗುಳ ತಪ್ಪಲಿಲ್ಲ. ಒಂದೇ ಕೈ ಎತ್ತಿದರೆ ಸೀಳಿದ ಮೂಳೆಯ ಎರಡು ಕಡೆಗೂ ಬೇರೆ ಬೇರೆ ಎಳೆತ ಬೀಳುತ್ತದಂತೆ. ಫಿಸಿಯೋ ಕೊಟ್ಟ ಬದಲಿ ಹೀಗಿತ್ತು: ಊಟದ ಮೇಜಿನ ಮುಂದೆ ಕೂತು, ಟವೆಲ್ ಮೇಲೆ ಎರಡೂ ಅಂಗೈ ಇಟ್ಟು, ಜೊತೆಯಾಗಿ ನಿಧಾನಕ್ಕೆ ಮುಂದೆ ಜಾರಿಸುವುದು, ಎಳೆತ ಗೊತ್ತಾದ ಕಡೆ ನಿಲ್ಲಿಸುವುದು. ಮಿಕ್ಕ ಕೆಲಸವೆಲ್ಲ ಮೊಣಕೈ ಪಕ್ಕೆಗೆ ಅಂಟಿಸಿಕೊಂಡೇ. ಮೊದಲ ದಿನ ಟವೆಲ್ ಒಂದು ಗೇಣು ಹೋಯಿತು. ಎಂಟನೇ ವಾರಕ್ಕೆ ಮೇಜಿನ ಆ ತುದಿಯ ಉಪ್ಪಿನಕಾಯಿ ಭರಣಿ ಮುಟ್ಟಿತು. ರಾಟೆ ಇನ್ನೂ ಬೀರುವಿನಲ್ಲೇ ಇದೆ, ಮುಂದಿನ ತಿಂಗಳು ಡಾಕ್ಟರನ್ನು ಕೇಳಿಯೇ ತೆಗೆಯುತ್ತೇನೆ.