ಫ್ಲೂ ಕಾಲಕ್ಕೆ ಹೆಲ್ತ್ ಇನ್ಶೂರೆನ್ಸ್: ಕೋಲಾರದ ಹಳೇ ಗ್ರಾಹಕನ ಅನುಭವ

ಐದಕ್ಕೆ ಮೂರೂವರೆ ಸ್ಟಾರ್. ಕಂಪನಿ ಹೆಸರು ಬೇಡ, ಈ ಮಾತು ಹೆಚ್ಚುಕಡಿಮೆ ಎಲ್ಲರಿಗೂ ಒಪ್ಪುತ್ತದೆ.

ನಮ್ಮ ಮನೆಯಲ್ಲಿ ಎರಡು ಪಾಲಿಸಿ. ನಾನು, ಹೆಂಡತಿ, ಮಕ್ಕಳಿಗೆ ಫ್ಯಾಮಿಲಿ ಫ್ಲೋಟರ್, ಅಂದರೆ ಎಲ್ಲರಿಗೂ ಸೇರಿ ಒಂದೇ ಪಾಲಿಸಿ. ಅಪ್ಪ ಅಮ್ಮನಿಗೆ ಬೇರೆ. ಫ್ಲೋಟರ್‌ನಲ್ಲಿ ಎಲ್ಲರಿಗಿಂತ ದೊಡ್ಡವರ ವಯಸ್ಸು ನೋಡಿ ಪ್ರೀಮಿಯಂ ಹಾಕುತ್ತಾರೆ, ಅದಕ್ಕೇ ಬೇರೆ ಮಾಡಿದ್ದು. ಅಪ್ಪನಿಗೆ ಡೇರಿ ಸಂಘದಿಂದ ಯಶಸ್ವಿನಿ ಕಾರ್ಡೂ ಇದೆ. ಆಪರೇಷನ್ ಅಂತ ಬಂದರೆ ಅದು ಒಳ್ಳೆಯದೇ, ಜ್ವರಕ್ಕೆ ಅದನ್ನು ನಂಬಿ ಕೂರೋಕಾಗಲ್ಲ.

ಫ್ಲೂ ನಮ್ಮ ಕಡೆ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ, ಆಮೇಲೆ ಮಳೆಗಾಲದಲ್ಲಿ. ಮಕ್ಕಳು ಸ್ಕೂಲಿಂದ ತಂದರೆ ಮನೆಮಂದಿಯೆಲ್ಲ ಮಲಗಿದ ಹಾಗೇ. ಆದರೆ ಇದರ ಖರ್ಚಲ್ಲಿ ಬಹುಪಾಲು ಪಾಲಿಸಿಗೆ ಬರುವುದೇ ಇಲ್ಲ. ಕ್ಲಿನಿಕ್ ಫೀಸು, ರಕ್ತಪರೀಕ್ಷೆ, ಸಿರಪ್ಪು ಎಲ್ಲ ನಮ್ಮ ಜೇಬಿಂದಲೇ. ಆಸ್ಪತ್ರೆಯಲ್ಲಿ 24 ಗಂಟೆ ಅಡ್ಮಿಟ್ ಆದರೆ ಮಾತ್ರ ಕ್ಲೇಮು. ಫ್ಲೂ ಲಸಿಕೆಗೂ ನಮ್ಮ ಪಾಲಿಸಿ ದುಡ್ಡು ಕೊಡುವುದಿಲ್ಲ. ಮೇ ತಿಂಗಳಲ್ಲಿ ನಾವೇ ಹಾಕಿಸಿಕೊಳ್ಳುತ್ತೇವೆ. ಅದು ಮೈಗೆ ಹತ್ತಲು ಎರಡು ವಾರ ಬೇಕು, ಪ್ರತಿ ವರ್ಷ ಹೊಸದಾಗಿ ಹಾಕಿಸಬೇಕು.

ನಿಜವಾದ ಪರೀಕ್ಷೆ ಆಗಿದ್ದು ಅಮ್ಮನಿಗೆ ಫ್ಲೂ ಏರಿ ನ್ಯುಮೋನಿಯಾಕ್ಕೆ ತಿರುಗಿದಾಗ. ಜನರಲ್ ವಾರ್ಡಲ್ಲಿ ಬೆಡ್ ಇಲ್ಲ, ಸಿಂಗಲ್ ರೂಮಿಗೆ ಹೋಗಿ ಅಂದರು. ಆಗಿನ ಪಾಲಿಸಿ 3 ಲಕ್ಷದ್ದು. ರೂಮ್ ಬಾಡಿಗೆಗೆ ದಿನಕ್ಕೆ ಅದರ 1%, ಅಂದರೆ 3,000 ರೂಪಾಯಿ ಮಿತಿ. ರೂಮು 4,500. ಮೇಲಿನ 1,500 ಕೊಟ್ಟರೆ ಮುಗೀತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗಲ್ಲ. 4,500ಕ್ಕೆ 3,000 ಅನ್ನುವ ಅದೇ ಲೆಕ್ಕದಲ್ಲಿ ಡಾಕ್ಟರ್ ವಿಸಿಟ್, ನರ್ಸಿಂಗ್ ಚಾರ್ಜಲ್ಲೂ ಮೂರರಲ್ಲಿ ಎರಡು ಪಾಲಷ್ಟೇ ಕೊಟ್ಟರು. ಔಷಧಿಗೆ, ಪರೀಕ್ಷೆಗಳಿಗೆ ಈ ಕಡಿತ ಹಾಕುವ ಹಾಗಿಲ್ಲ. ಆದರೂ ನಮ್ಮ ಬಿಲ್ಲಲ್ಲಿ ಎಕ್ಸ್‌ರೇಗೂ ಹಾಕಿದ್ದರು, ಕೇಳಿದ ಮೇಲೆ ವಾಪಸ್ ಬಂತು. ಇನ್ನೊಂದು ಹಾಳೆ ತುಂಬಾ ಗ್ಲೌಸು, ಮಾಸ್ಕು, ನೆಬ್ಯುಲೈಜರ್ ಕಿಟ್ಟು. ಪ್ರತಿ ಸಾಲಿನ ಎದುರೂ ‘ನಾನ್ ಪೇಯಬಲ್’, ಅಂದರೆ ಕಂಪನಿ ಕೊಡಲ್ಲ.

ಅದಾದ ಮೇಲೆ ರೂಮ್ ಬಾಡಿಗೆಗೆ ಮಿತಿ ಇಲ್ಲದ ಪಾಲಿಸಿಗೆ ಪೋರ್ಟ್ ಮಾಡಿಸಿದೆ, ಅಂದರೆ ಕಂಪನಿ ಬದಲಿಸಿದೆ. ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹಾಕಬೇಕು. ಹಳೇ ಪಾಲಿಸಿಯಲ್ಲಿ ಕಳೆದ ವೇಟಿಂಗ್ ಪೀರಿಯಡ್ (ಕವರ್ ಸಿಗುವ ಮೊದಲು ಕಾಯುವ ಅವಧಿ) ಹೊಸದಕ್ಕೂ ಲೆಕ್ಕಕ್ಕೆ ಬರುತ್ತದೆ. ಅಪ್ಪನಿಗೆ ಅಸ್ತಮಾ ಇರುವುದರಿಂದ ನಮಗೆ ಇದೇ ಮುಖ್ಯ. ಮೊದಲಿಂದ ಇರುವ ಕಾಯಿಲೆಗೆ ಕಂಪನಿಗಳು 3 ವರ್ಷದವರೆಗೆ ಕಾಯಿಸಬಹುದು. ಫಾರ್ಮಲ್ಲಿ ಅಸ್ತಮಾ ಅಂತ ಬರೆದೇ ಕೊಟ್ಟಿದ್ದೇವೆ. ಪ್ರೀಮಿಯಂ ಏರಿತು, ಏರಲಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ.

ಹೊಸದಾಗಿ ತಗೊಳ್ಳುವವರು ಮಳೆ ಹಿಡಿದ ಮೇಲೆ ಓಡಬೇಡಿ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕವರ್ ಇರುವುದಿಲ್ಲ.

ಕೋಲಾರದವರು ಇನ್ನೊಂದು ನೋಡಿಕೊಳ್ಳಿ. ನಾವು ಸ್ವಲ್ಪ ಜಾಸ್ತಿ ಆದರೆ ಸೀದಾ ಬೆಂಗಳೂರಿಗೆ ಗಾಡಿ ತಿರುಗಿಸುತ್ತೇವೆ. ಕೆಲವು ಪಾಲಿಸಿಗಳಲ್ಲಿ ಊರಿನ ಮೇಲೆ ಝೋನ್ ಇರುತ್ತದೆ. ಸಣ್ಣ ಊರಿನ ಕಡಿಮೆ ಪ್ರೀಮಿಯಂ ಕಟ್ಟಿ ದೊಡ್ಡ ಊರಲ್ಲಿ ಅಡ್ಮಿಟ್ ಆದರೆ ಬಿಲ್ಲಲ್ಲಿ ಒಂದು ಪಾಲು ನಮ್ಮ ತಲೆಗೆ. ನೆಟ್‌ವರ್ಕ್ ಆಸ್ಪತ್ರೆಗಳ (ಕಂಪನಿ ಜೊತೆ ಒಪ್ಪಂದ ಇರುವವು) ಪಟ್ಟಿಯೂ ಬದಲಾಗುತ್ತಾ ಇರುತ್ತದೆ. ನಾನು ಜೂನ್‌ನಲ್ಲಿ ಆಸ್ಪತ್ರೆ ಕೌಂಟರಿಗೇ ಹೋಗಿ ಕೇಳಿ ಬರುತ್ತೇನೆ.

ಮೆಚ್ಚಿದ್ದು ಅಂದರೆ ಕ್ಯಾಶ್‌ಲೆಸ್, ಬಿಲ್ಲನ್ನು ಕಂಪನಿಯೇ ಸೀದಾ ಆಸ್ಪತ್ರೆಗೆ ಕಟ್ಟುವುದು. 2024ರ ನಿಯಮದ ಪ್ರಕಾರ ಅಡ್ಮಿಟ್ ಆಗುವಾಗ 1 ಗಂಟೆಯಲ್ಲಿ, ಡಿಸ್ಚಾರ್ಜ್‌ಗೆ 3 ಗಂಟೆಯಲ್ಲಿ ಕಂಪನಿ ಉತ್ತರ ಕೊಡಬೇಕು. ಮಗ ಅಡ್ಮಿಟ್ ಆದ ಸಲ ಹೆಚ್ಚು ಕಾಯಿಸಲಿಲ್ಲ. ಅಡ್ಮಿಟ್ ಆಗುವ ಮೊದಲಿನ ಕ್ಲಿನಿಕ್ ಖರ್ಚೂ ಸಿಕ್ಕಿತು. ಸೀಲ್ ಇಲ್ಲದ ಒಂದು ಚೀಟಿ ಮಾತ್ರ ತಿರಸ್ಕಾರ ಆಯ್ತು, ಹಾಗಾಗಿ ಬರೀ ಜ್ವರದ ಚೀಟಿಗೂ ಸೀಲ್ ಹಾಕಿಸಿಕೊಳ್ಳಿ.

2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲಿದ್ದ 18% ಜಿಎಸ್‌ಟಿ ಹೋಗಿದೆ. ಏಜೆಂಟ್ ಈಗ ಆ ಉಳಿದ ದುಡ್ಡಿಗೆ ಒಪಿಡಿ ರೈಡರ್ (ಅಡ್ಮಿಟ್ ಆಗದ ಕ್ಲಿನಿಕ್ ಖರ್ಚಿಗೆ ಹೆಚ್ಚುವರಿ ಕವರ್) ಸೇರಿಸಿ ಅಂತ ಗಂಟುಬಿದ್ದಿದ್ದಾರೆ. ರೈಡರ್‌ಗೆ ಕಟ್ಟುವುದೂ ಅದು ಕೊಡುವುದೂ ಹತ್ತಿರ ಹತ್ತಿರ ಒಂದೇ, ಸುಮ್ನೆ ಯಾಕೆ? ಆ ದುಡ್ಡಲ್ಲಿ ಲಸಿಕೆ ಹಾಕಿಸುತ್ತೇನೆ ಅಂದೆ.